ಮರುಗದ ಕಟ್ಟು

ಮುನಿಕೆಂಪಮ್ಮ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಾಗ ತೊಟ್ಟಿಲ ಸುತ್ತ ಸೇರಿದ್ದ ಹೆಂಗಸರ ಹಾಡು ಅರ್ಧಕ್ಕೇ ನಿಂತಿತು. ಕೋಗಿಲು ಊರಿನ ಆ ಮನೆಯ ಪದ್ಧತಿಯಂತೆ ಅಜ್ಜಿಯಾದ ಅವರೇ ಮಗುವನ್ನು ಮಡಿಲಿಗೆ ಹಾಕಿಕೊಂಡು ಕಿವಿಯಲ್ಲಿ ಹೆಸರು ಹೇಳಬೇಕು. ಸೊಸೆ ರಾಧಾಮಣಿ ಕೂಸನ್ನು ಹಿಡಿದು ಎದುರಿಗೇ ನಿಂತಿದ್ದಳು. ಅತ್ತೆ ಎದ್ದು ಹಿತ್ತಲಿಗೆ ಹೋಗಿಬಿಟ್ಟರು. ಕೊನೆಗೆ ರಾಧಾಮಣಿಯ ತಾಯಿ ಹೆಸರು ಹೇಳಿ ಶಾಸ್ತ್ರ ಮುಗಿಸಿದರು. ಹೆಣ್ಣು ಹುಟ್ಟಿತಲ್ಲ, ಅದಕ್ಕೇ ಮುನಿಸು ಎಂದು ಊಟದ ಪಂಕ್ತಿಯಲ್ಲಿ ಯಾರೋ ಅಂದದ್ದು ಬಾಣಂತಿಗೂ ಕೇಳಿಸಿತು.

ಅವಳು ಬಸುರಿಯಾಗಿದ್ದಾಗಲೇ ಅತ್ತೆ ಬದಲಾಗಿದ್ದರು. ಬೀದಿಯ ಜಗಳಗಳಿಗೆಲ್ಲ ನ್ಯಾಯ ಹೇಳುತ್ತಿದ್ದವರು ಹೊಸಿಲು ದಾಟುವುದನ್ನೇ ಬಿಟ್ಟರು. ಊಟಕ್ಕೆ ಜೊತೆಗೆ ಕೂರುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಆದರೆ ಎಡಗಿವಿಯ ಹಿಂದೆ ಘಮಘಮಿಸುವ ಮರುಗದ ಕಟ್ಟು ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ. ಮಾತಿಗೆ ಬರ, ಶೋಕಿಗೇನೂ ಬರವಿಲ್ಲ ಎಂದು ರಾಧಾಮಣಿ ಗಂಡ ವಾಸುವಿನೆದುರು ಕುಟುಕಿದ್ದಳು.

ಮಾರನೆಯ ಬೆಳಿಗ್ಗೆ ಅವಳು ಬಟ್ಟೆ ಜೋಡಿಸಿಕೊಂಡಳು. ತವರಾದ ಬಾಗಲೂರಿಗೆ ಹೊರಟವಳಿಗೆ ಮತ್ತೆ ಬರುವ ಮನಸ್ಸಿರಲಿಲ್ಲ. ವಾಸು ಎಷ್ಟು ಬೇಡಿಕೊಂಡರೂ ಕೇಳದೆ, ಹೇಳಿಯೇ ಹೋಗುತ್ತೇನೆಂದು ಮಗುವನ್ನೆತ್ತಿಕೊಂಡು ಹಿತ್ತಲಿಗೆ ನಡೆದಳು.

"ಅತ್ತೆ, ನಾನು ಹೊರಟೆ. ಹೆಣ್ಣು ಅಂತ ತಾನೆ ನೀವು ಮುಟ್ಟದೇ ಇದ್ದಿದ್ದು?"

ಬೆನ್ನು ಹಾಕಿ ಕುಳಿತಿದ್ದ ಮುನಿಕೆಂಪಮ್ಮ ಅಲುಗಲಿಲ್ಲ. ರಾಧಾಮಣಿ ಭುಜ ಹಿಡಿದು ಎಳೆದಳು. ಮರುಗ ಜಾರಿ ಬಿತ್ತು. ಕಿವಿಯಿಂದ ಇಳಿದ ಕೀವು ಕುತ್ತಿಗೆಯವರೆಗೆ ಒಣಗಿತ್ತು. ಅದರ ನಾತ ಮುಖಕ್ಕೆ ರಾಚಿತು. ಅತ್ತೆ ಕೈಯಿಂದ ಕಿವಿ ಮುಚ್ಚಿಕೊಂಡು ಗೋಡೆಗೆ ಸರಿದರು.

"ಅತ್ರ ಬರ್ಬೇಡ ಕಣವ್ವ... ಕೂಸ್ಗೆ ಅಂಟ್ಕಂಬುಡ್ತದೆ."

ರಾಧಾಮಣಿ ಅವರ ಬಲಗಿವಿಯ ಬಳಿ ಬಾಗಿದಳು. "ಯಾಕೆ ಹೇಳ್ಲಿಲ್ಲ ಅತ್ತೆ?"

"ಏನಂತ ಏಳ್ಲಿ? ಮೈ ನಾತ ಒಡೀತೈತೆ ಅಂತಾನಾ? ನಾನು ಇದ್ರೂ ಒಂದೇ, ಓದ್ರೂ ಒಂದೇ ಅನ್ನಿಸ್ಬುಟ್ಟೈತೆ... ನಿನ್ ಮಗೀನ ಎತ್ಕೊಳ್ಳೋ ಆಸೆ ಎಷ್ಟೈತೆ ಅಂತ ಯಾರಿಗ್ ಏಳ್ಲಿ?"

ರಾಧಾಮಣಿ ಮಗುವನ್ನು ಹಿಂದೆಯೇ ಬಂದಿದ್ದ ಗಂಡನ ಕೈಗೆ ಕೊಟ್ಟು, ತನ್ನ ಸೆರಗಿನಿಂದಲೇ ಆ ಕುತ್ತಿಗೆಯನ್ನು ಒರೆಸಿದಳು. ವಾಸು ತಂದ ಆಟೊ ಎಲ್ಲರನ್ನೂ ಯಲಹಂಕದ ಆಸ್ಪತ್ರೆಗೆ ಕರೆದೊಯ್ದಿತು.

ಕಿವಿತಮಟೆ ತೂತಾಗಿ ವರ್ಷಗಳೇ ಆಗಿವೆ ಎಂದರು ವೈದ್ಯರು. ಮಗುವನ್ನು ಎತ್ತಿಕೊಂಡರೆ ಅದು ಅಂಟುವುದಿಲ್ಲ. ಹೀಗೆ ಬಹುಕಾಲ ಕಿವಿ ಸೋರುವವರಲ್ಲಿ ಖಿನ್ನತೆ ಹೆಚ್ಚಾಗಿ ಕಾಣುತ್ತದೆ. ಯಾವುದರಿಂದ ಯಾವುದು ಹುಟ್ಟಿತೆಂದು ಖಚಿತವಾಗಿ ಹೇಳಲಾಗದು, ಎರಡಕ್ಕೂ ಚಿಕಿತ್ಸೆಯಂತೂ ಬೇಕು. ಇದ್ದರೂ ಒಂದೇ, ಹೋದರೂ ಒಂದೇ ಎಂದು ಅತ್ತೆ ಅಂದದ್ದನ್ನು ರಾಧಾಮಣಿ ತಿಳಿಸಿದಾಗ, ಅದನ್ನು ಹಗುರಾಗಿ ತೆಗೆದುಕೊಳ್ಳಬೇಡಿ ಎಂದು ಅವರು ಅಂದೇ ಮನೋವೈದ್ಯರ ಬಳಿಗೂ ಕಳುಹಿಸಿದರು.

ಶಸ್ತ್ರಚಿಕಿತ್ಸೆಯಾಗಿ ಸೋರುವುದು ನಿಂತಿತು. ಆ ಕಿವಿಯ ಕೇಳುವ ಶಕ್ತಿ ಮಾತ್ರ ಮರಳಲಿಲ್ಲ. ಮನಸ್ಸಿನ ಮಾತ್ರೆ ಇನ್ನೂ ನಡೆಯುತ್ತಿದೆ. ಕೆಲವು ದಿನ ಮುನಿಕೆಂಪಮ್ಮ ಈಗಲೂ ಹಾಸಿಗೆ ಬಿಟ್ಟು ಏಳುವುದಿಲ್ಲ. ಕಿವಿ ಒಣಗಿದ ಮೇಲೂ ಮರುಗ ಬಿಡಲು ಅವರಿಗೆ ಧೈರ್ಯ ಬರಲಿಲ್ಲ.

ಒಂದು ಸಂಜೆ ರಾಧಾಮಣಿ ಏನೂ ಕೇಳದೆ ಮಗುವನ್ನು ಅವರ ಎಡಭುಜಕ್ಕೆ ಒರಗಿಸಿದಳು. ಅವರು ಮುಖವನ್ನು ಆಚೆಗೆ ತಿರುಗಿಸಿದರು. ಮಗು ಮರುಗವನ್ನು ಕಿತ್ತು, ಒಮ್ಮೆ ಬಾಯಿಗಿಟ್ಟು, ಮುಖ ಕಿವುಚಿ ಎಸೆಯಿತು. ವಾಸು ಎತ್ತಿಕೊಡಲು ಬಗ್ಗಿದ.

"ಇರ್ಲಿ ಬುಡು" ಎಂದರು ಮುನಿಕೆಂಪಮ್ಮ. ಆಮೇಲೆ ಮಗುವಿನ ಕಿವಿಗೆ ಬಾಯಿಟ್ಟು, ಅಂದು ಹೇಳದೇ ಉಳಿದಿದ್ದ ಹೆಸರನ್ನು ಮೆಲ್ಲಗೆ ಹೇಳಿದರು.