ತಟ್ಟೆ ತೂಗುವ ಸಿಸ್ಟರ್

“ಅದನ್ನು ಬರೀಬೇಡಿ ಸಿಸ್ಟರ್!”

ರಾಜೇಶ್ವರಿ ಅಜ್ಜಿಯ ಮಂಚಕ್ಕೆ ತೂಗುಹಾಕಿದ್ದ ಚಾರ್ಟಿನ ಮೇಲೆ ಎರಡೂ ಕೈ ಅಡ್ಡ ಇಟ್ಟಳು. ಫಿಲಿಪ್ಪೀನ್ಸ್‌ನ ಸಿಸ್ಟರ್ ಪೆನ್ನು ಹಿಡಿದುಕೊಂಡು ನಿಂತೇ ಇದ್ದರು.

“ಕೈ ತೆಗಿ ಬೇಬಿ. ನಿನ್ನ ಗ್ರ್ಯಾಂಡ್‌ಮಾ ತಿಂಡಿ ತಿಂದರಾ?” ಇಂಗ್ಲಿಷಿನಲ್ಲಿ ಕೇಳಿದರು ಅವರು.

“ಇಲ್ಲ. ಆದರೆ...”

“ಹಾಗಾದರೆ ರಿಫ್ಯೂಸ್ಡ್.” ಸಿಸ್ಟರ್ ಅವಳ ಬೆರಳುಗಳನ್ನು ಮೆಲ್ಲಗೆ ಸರಿಸಿ ಬರೆದೇಬಿಟ್ಟರು.

ಮೊನ್ನೆ ರಾತ್ರಿ ಒಂದು, ನಿನ್ನೆ ಮೂರು, ಇವತ್ತು ಬೆಳಿಗ್ಗೆ ಒಂದು. ಒಂದರ ಕೆಳಗೊಂದು ಐದು ‘ರಿಫ್ಯೂಸ್ಡ್’. ಊಟ ಕೊಟ್ಟರೂ ಬೇಡ ಅಂದರು ಅಂತ ಅರ್ಥ. ಹೋಮ್‌ವರ್ಕ್ ಮಾಡದವರ ಡೈರಿಯಲ್ಲಿ ಟೀಚರ್ ಕೆಂಪು ಇಂಕಿನಲ್ಲಿ ಬರೆಯುತ್ತಾರಲ್ಲ, ಹಾಗೆ ಕಾಣಿಸಿತು ರಾಜಿಗೆ. ಅವಳ ಕಿವಿ ಬಿಸಿಯಾಯಿತು. ಅಜ್ಜಿ ಏನು ಹಟಮಾರಿ ಮಗುವೇ?

ಯಮನವ್ವಜ್ಜಿ ಊರಿನಿಂದ ದೋಹಾಕ್ಕೆ ಬಂದು ಮೂರು ತಿಂಗಳಾಗಿತ್ತು. ರಾಜಿಗೆ ಪುಟ್ಟ ತಮ್ಮ ಹುಟ್ಟಿದ್ದರಿಂದ ಅವ್ವನಿಗೆ ಸಹಾಯ ಮಾಡಲು ಬಂದವರು. ಮೊನ್ನೆ ಬೆಳಿಗ್ಗೆ ದೋಹಾ ಪಕ್ಕದ ಉಮ್ಮ್ ಸಲಾಲ್‌ನ ಮನೆಯ ಬಾತ್‌ರೂಮಿನಲ್ಲಿ ಕಾಲು ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ಆಪರೇಷನ್ ಆಗಬೇಕಿತ್ತು.

ಅವ್ವ ಕೂಸನ್ನು ಬಿಟ್ಟು ಬರುವಂತಿರಲಿಲ್ಲ. ಅಪ್ಪ ಗುರುಪಾದಪ್ಪ ಗ್ಯಾಸ್ ಪ್ಲಾಂಟಿನಲ್ಲಿ ಫೋರ್‌ಮನ್. ಹೆಂಗಸರ ವಾರ್ಡಿಗೆ ಸಂಜೆ ನಾಲ್ಕಕ್ಕೇ ಅವರಿಗೆ ಪ್ರವೇಶ. ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಅದಕ್ಕೇ ಹೆಡ್ ನರ್ಸ್, ಬೇಸಿಗೆ ರಜೆಯಲ್ಲಿದ್ದ ಐದನೇ ಕ್ಲಾಸಿನ ರಾಜಿಯನ್ನು ಹಗಲೆಲ್ಲ ಅಜ್ಜಿಯ ಹತ್ತಿರ ಕೂರಲು ಬಿಟ್ಟಿದ್ದರು. ಡಾಕ್ಟರ್ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದು, ಅಜ್ಜಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳುವುದು. ಅದೇ ಅವಳ ಕೆಲಸ.

“ಯಾಕಜ್ಜಿ ತಿನ್ನಲ್ಲ? ಫಸ್ಟ್ ಡೇ ಚಿಕನ್ ಕೊಟ್ಟಿದ್ರು, ಓಕೆ. ಆದ್ರ ಈಗ ಪ್ಯೂರ್ ವೆಜ್ ಕೊಡ್ತಾರಲ್ಲ?”

“ಹೊಟ್ಟಿ ತುಂಬೇತಿ ನನ ಕೂಸ,” ಅಂದರು ಅಜ್ಜಿ. ತುಟಿಗಳು ಒಣಗಿ ಬಿರುಕು ಬಿಟ್ಟಿದ್ದವು. ಕೈಗೆ ಚುಚ್ಚಿದ ಸೂಜಿಯಿಂದ ಗ್ಲೂಕೋಸ್ ಹನಿ ಹನಿಯಾಗಿ ಇಳಿಯುತ್ತಿತ್ತು.

ಆಗ ಒಂದು ತಳ್ಳುಗಾಡಿ ಗಡಗಡ ಎನ್ನುತ್ತಾ ಬಂತು. ಅದರ ಮೇಲೆ ಅಡುಗೆಮನೆಯ ತಕ್ಕಡಿ ಇತ್ತು. ತಳ್ಳುತ್ತಿದ್ದ ಸಿಸ್ಟರ್ ಗುಂಡಗೆ ಇದ್ದರು, ಕನ್ನಡಕ ಹಾಕಿದ್ದರು. ಅವರು ಅಜ್ಜಿ ಮುಟ್ಟದ ಉಪ್ಪಿಟ್ಟಿನ ತಟ್ಟೆಯನ್ನು ಎತ್ತಿ ತಕ್ಕಡಿಯ ಮೇಲೆ ಇಟ್ಟು, ಪೆನ್ಸಿಲ್ಲಿನಿಂದ ಅಂಕಿ ಬರೆದುಕೊಂಡರು.

ರಾಜಿಗೆ ತಡೆಯಲಾಗಲಿಲ್ಲ. “ನಮ್ಮ ಅಜ್ಜಿ ಉಪವಾಸ ಅದಾರ, ಇವರು ಉಪ್ಪಿಟ್ಟು ತೂಗ್ತಾರ! ಹುಚ್ಚು ಹಿಡಿದೈತೇನು ಇವರಿಗೆ!” ಎಂದು ಗೊಣಗಿದಳು. ಯಾರಿಗೂ ತಿಳಿಯದು ಅಂದುಕೊಂಡಿದ್ದಳು.

“ಹುಚ್ಚು ಹಿಡಿದದ್ದಲ್ಲ ಮಾರಾಯ್ತಿ, ಇದು ಕೆಲಸ,” ಅಂದರು ಆ ಸಿಸ್ಟರ್. ಕನ್ನಡದಲ್ಲಿ!

ರಾಜಿ ನಾಲಿಗೆ ಕಚ್ಚಿಕೊಂಡಳು.

“ನಾನು ಸೆಲೆಸ್ಟಿನ್. ಬಂಟ್ವಾಳದವಳು. ನಾವು ನಾಲ್ಕು ಜನ ನರ್ಸ್‌ಗಳು ಸೇರಿ ಒಂದು ಸ್ಟಡಿ ಮಾಡ್ತಾ ಇದ್ದೇವೆ. ಪೇಷೆಂಟುಗಳು ಊಟ ಎಷ್ಟು ಬಿಡ್ತಾರೆ, ಯಾಕೆ ಬಿಡ್ತಾರೆ ಅಂತ. ಊಟ ಬಿಟ್ಟರೆ ಗಾಯ ಬೇಗ ಒಣಗುವುದಿಲ್ಲ, ಗೊತ್ತುಂಟಾ? ಕಾರಣ ಗೊತ್ತಾದರೆ ಅಲ್ಲವಾ ಸರಿ ಮಾಡ್ಲಿಕ್ಕೆ ಆಗುವುದು?”

ಅವರು ಅಜ್ಜಿಯ ಕಡೆ ಬಾಗಿದರು. “ಎಂತ ಅಜ್ಜೀ, ಯಾಕೆ ಊಟ ಮಾಡುವುದಿಲ್ಲ ನೀವು?”

ಅಜ್ಜಿ ಮೊದಲು ರಾಜಿಯ ಮುಖ ನೋಡಿದರು. ಆಮೇಲೆ, “ಊಟ ಸೇರವಲ್ದವ್ವ,” ಅಂದರು.

ಅಷ್ಟರಲ್ಲೇ ಅಜ್ಜಿಯ ಹೊಟ್ಟೆ ಗುರ್ರ್ ಎಂದಿತು. ಮೂವರಿಗೂ ಕೇಳಿಸಿತು.

ಸೆಲೆಸ್ಟಿನ್ ಅವರ ಕಾಗದದಲ್ಲಿ ನಾಲ್ಕು ಚೌಕಗಳಿದ್ದವು. ಹಸಿವಿಲ್ಲ. ರುಚಿಯಿಲ್ಲ. ವಾಂತಿ ಬರುತ್ತದೆ. ನೋವಿದೆ. ಅವರು ಪೆನ್ಸಿಲನ್ನು ‘ಹಸಿವಿಲ್ಲ’ದ ಹತ್ತಿರ ಒಯ್ದರು. ಆದರೆ ಗುರುತು ಹಾಕಲಿಲ್ಲ.

“ಇದರಲ್ಲಿ ಯಾವುದೂ ಅಲ್ಲ!” ರಾಜಿ ಅಂದಳು. “ನಿಮ್ಮ ಪೇಪರೇ ಸರಿ ಇಲ್ಲ.”

“ಇರಬಹುದು. ಹಾಗಾದರೆ ಸರಿ ಯಾವುದು ಅಂತ ನೀನೇ ಹುಡುಕಿ ಹೇಳು. ಮಧ್ಯಾಹ್ನ ಬರ್ತೇನೆ,” ಎಂದು ಸೆಲೆಸ್ಟಿನ್ ಗಾಡಿ ತಳ್ಳಿಕೊಂಡು ಹೊರಟರು.

ರಾಜಿ ಚೀಲದಿಂದ ಡಬ್ಬಿ ತೆಗೆದಳು. ಅವ್ವ ನಸುಕಿನಲ್ಲೇ ಎದ್ದು ಬಡಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಹೆಡ್ ನರ್ಸ್ ಒಪ್ಪಿಗೆಯನ್ನೂ ಕೇಳಿಯಾಗಿತ್ತು. ಮುಚ್ಚಳ ತೆಗೆದ ಕೂಡಲೇ ಅಜ್ಜಿ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದರು.

“ತಿನ್ನು ಅಜ್ಜಿ. ಇದು ಹಾಸ್ಪಿಟಲ್‌ದಲ್ಲ. ನಮ್ಮ ಮನೀದು.”

“ನೀ ತಿನ್ನು. ನಾ ನೋಡ್ತೀನಿ.”

ರೊಟ್ಟಿಯೂ ಬೇಡವೇ! ರಾಜಿ ಡಬ್ಬಿಯನ್ನು ಠಪ್ ಎಂದು ಮುಚ್ಚಿದಳು.

ಹತ್ತು ಗಂಟೆಗೆ ಡಾಕ್ಟರ್ ಬಂದು ಚಾರ್ಟ್ ನೋಡಿದರು. ಹುಬ್ಬು ಗಂಟಿಕ್ಕಿದರು. “ನಾನ್-ಕೋಆಪರೇಟಿವ್,” ಎಂದು ಜೊತೆಯಲ್ಲಿದ್ದವರಿಗೆ ಹೇಳಿ ರಾಜಿಯ ಕಡೆ ತಿರುಗಿದರು. “ಇಷ್ಟು ವೀಕ್ ಆದರೆ ಆಪರೇಷನ್ ಮಾಡಲು ಆಗುವುದಿಲ್ಲ. ಇವತ್ತು ರಾತ್ರಿಯೊಳಗೆ ಊಟ ಮಾಡದಿದ್ದರೆ ನಾಳೆ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಬೇಕಾಗುತ್ತದೆ. ಅವರಿಗೆ ಹೇಳು.”

ರಾಜಿ ಹೇಳಲಿಲ್ಲ. ಮೂಗಿನಲ್ಲಿ ನಳಿಕೆಯಂತೆ! ಒಬ್ಬರಾದರೂ ಕುರ್ಚಿ ಎಳೆದುಕೊಂಡು ಕೂತು ಸರಿಯಾಗಿ ಕೇಳಿದರಾ? ಬರೆಯುವುದು, ಹೋಗುವುದು. ಬರೆಯುವುದು, ಹೋಗುವುದು. ಅವಳಿಗೆ ಆ ಚಾರ್ಟನ್ನು ಕಿಟಕಿಯಾಚೆ ಎಸೆಯಬೇಕು ಅನ್ನಿಸಿತು. ಆದರೆ ಎಸಿ ವಾರ್ಡಿನ ಕಿಟಕಿ ತೆರೆಯಲು ಬರುವಂತಿರಲಿಲ್ಲ.

ಸಿಟ್ಟಿನಿಂದಲೇ ಅವಳು ಪಕ್ಕದ ಮಂಚದ ಕಡೆ ನೋಡಿದಳು. ಅಲ್ಲೊಬ್ಬರು ಅರಬ್ಬಿ ಅಜ್ಜಿ ಜಪಮಣಿ ಎಣಿಸುತ್ತಿದ್ದರು. ಮಣಿಗಳು ಒಂದೊಂದಾಗಿ ಬೆರಳ ನಡುವೆ ಜಾರುತ್ತಿದ್ದವು. ಎಣಿಸಿ ಮುಗಿದ ಮೇಲೆ ಮಣಿಗಳನ್ನು ದಿಂಬಿನ ಕೆಳಗಿಟ್ಟು, ಒಂದು ಖರ್ಜೂರ ಬಾಯಿಗೆ ಹಾಕಿಕೊಂಡರು.

ರಾಜಿ ತನ್ನ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಕಣ್ಣು ಮುಚ್ಚಿದ್ದರು. ಎಡಗೈ ಎದೆಯ ಮಟ್ಟದಲ್ಲಿ ಅಂಗಾತ ನಿಂತಿತ್ತು. ತುಟಿ ಅಲ್ಲಾಡುತ್ತಿತ್ತು. ಅಂಗೈ ಮಾತ್ರ ಖಾಲಿ.

ದಿನಾ ಬೆಳಿಗ್ಗೆ ಮನೆಯಲ್ಲಿ ಆ ಅಂಗೈಯಲ್ಲಿ ಲಿಂಗ ಇರುತ್ತಿತ್ತು. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು, ಅಂಗೈಯಲ್ಲಿಟ್ಟು ಪೂಜೆ ಮಾಡಿ, ಮತ್ತೆ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡ ಮೇಲೆಯೇ ಅಜ್ಜಿಯ ಮೊದಲ ಗುಟುಕು ಚಹಾ.

ಈಗ ಕೊರಳಲ್ಲಿ ದಾರವೂ ಇಲ್ಲ.

“ಅಜ್ಜಿ,” ರಾಜಿಯ ದನಿ ಸಣ್ಣದಾಯಿತು. “ಅದು ಇಲ್ದಿದ್ರ ನೀನು ತಿನ್ನಲ್ಲೇನು?”

ಅಜ್ಜಿ ಕಣ್ಣು ತೆರೆದರು. “ನೀರೂ ಮುಟ್ಟಂಗಿಲ್ಲವ್ವ. ಐದು ವರ್ಷದಾಕಿ ಇದ್ದಾಗಿಂದ ಮೈಮ್ಯಾಲೆ ಐತಿ.”

“ಮತ್ತ ಯಾಕ ಹೇಳ್ಲಿಲ್ಲ?”

ಅಜ್ಜಿ ರಾಜಿಯ ಜಡೆಯನ್ನು ಮೆಲ್ಲಗೆ ಎಳೆದರು, ಅಷ್ಟೆ.

ರಾಜಿ ಎದ್ದು ಓಡಿದಳು. ಕಾರಿಡಾರಿನಲ್ಲಿ ಗಾಡಿ ತಳ್ಳುತ್ತಿದ್ದ ಸೆಲೆಸ್ಟಿನ್ ಮುಂದೆ ಹೋಗಿ ನಿಂತಳು.

“ನೀವೇ ತಗೊಂಡ್ರಿ! ನಿಮ್ಮ ಹಾಸ್ಪಿಟಲ್‌ನವರೇ ಅಜ್ಜಿಯ ದೇವರನ್ನ ತಗೊಂಡು ಇಟ್ಟುಕೊಂಡು, ಮೇಲೆ ರಿಫ್ಯೂಸ್ಡ್ ಅಂತ ಬರೀತೀರಿ!”

“ಮೆಲ್ಲ, ಮೆಲ್ಲ. ಎಂತ ತಗೊಂಡದ್ದು?”

ರಾಜಿ ಏದುಸಿರು ಬಿಡುತ್ತಾ ಎಲ್ಲ ಹೇಳಿದಳು. ಸೆಲೆಸ್ಟಿನ್ ಹೆಡ್ ನರ್ಸ್ ಕೋಣೆಗೆ ಹೋಗಿ, ಬೀರು ತೆಗೆಸಿ, ಒಂದು ಕಂದು ಲಕೋಟೆ ತಂದರು. ಮೇಲೆ ಇಂಗ್ಲಿಷಿನಲ್ಲಿ ಅಜ್ಜಿಯ ಹೆಸರು. ಅದರ ಕೆಳಗೆ: ‘ಒಂದು ಲಾಕೆಟ್’.

“ಛೆ. ಒಡವೆ ಅಂತ ತಿಳಿದು ಡಿಸ್ಚಾರ್ಜ್ ತನಕ ಜೋಪಾನ ಮಾಡಿದ್ದಾರೆ. ಇದು ದೇವರು ಅಂದಿದ್ದರೆ ಎಕ್ಸ್‌ರೇ ಆದ ಕೂಡಲೇ ವಾಪಸ್ ಕೊಡ್ತಿದ್ದರು. ಲಾಕೆಟ್ ಅಂತ ಹೇಳಿದ್ದು ಯಾರು?”

ರಾಜಿ ಲಕೋಟೆಯ ಮೇಲಿನ ಆ ಎರಡು ಪದಗಳನ್ನು ಮತ್ತೆ ಓದಿದಳು.

ಮೊನ್ನೆ ಎಕ್ಸ್‌ರೇ ಕೋಣೆ. ಅಪ್ಪ ಹೊರಗೆ ಫಾರಂ ತುಂಬುತ್ತಿದ್ದರು. ಅಜ್ಜಿ ನೋವಿಗೆ ನರಳುತ್ತಿದ್ದರು. ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಹಿಂದೆ ದೊಡ್ಡ ಕ್ಯೂ. “ಯಲ್ಲಾ, ಯಲ್ಲಾ,” ಎಂದು ಅವಸರ ಮಾಡುತ್ತಾ ಯಾರೋ ಕೇಳಿದ್ದರು, “ಇದೇನು? ಜುವೆಲರಿಯಾ?”

ಅಪ್ಪ ಯಾವಾಗಲೂ ಹೇಳುತ್ತಿದ್ದರು, “ರಾಜೀ, ದೇವರ ಮಾತು ಮನಿಯಾಗ. ಹೊರಗ ಯಾರ ಮುಂದೂ ಬ್ಯಾಡ. ನಾವು ಮಂದಿ ದೇಶದಾಗ ಅದೀವಿ.” ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತ್ತು. ಅವಳು ತಲೆಯಾಡಿಸಿ, “ಯೆಸ್. ಜಸ್ಟ್ ಅ ಲಾಕೆಟ್,” ಅಂದಿದ್ದಳು. ಆಮೇಲೆ ಅಜ್ಜಿಗೆ, “ಕೊಡು ಅಜ್ಜಿ, ಈಗ ವಾಪಸ್ ಕೊಡ್ತಾರ,” ಅಂದಿದ್ದಳು.

ಅವಳ ಮಾತು ಕೇಳಿಯೇ ಅಜ್ಜಿ ಮುಷ್ಟಿ ಬಿಚ್ಚಿದ್ದು.

“ನಾನು,” ಅಂದಳು ರಾಜಿ. ಅಷ್ಟು ಹೊತ್ತು ಇವರ ಮೇಲೆ, ಅವರ ಮೇಲೆ ಇದ್ದ ಸಿಟ್ಟೆಲ್ಲ ಒಮ್ಮೆಲೇ ತನ್ನ ಕಡೆಗೇ ತಿರುಗಿತು. “ಆದ್ರ ಅವರೂ ಮತ್ತ ಕೇಳ್ಬೇಕಿತ್ತಲ್ಲ?”

“ಕೇಳಬೇಕಿತ್ತು,” ಅಂದರು ಸೆಲೆಸ್ಟಿನ್. “ಹತ್ತು ವರ್ಷದ ಮಗುವನ್ನು ಅಲ್ಲ. ಅಜ್ಜಿಯನ್ನೇ ಕೇಳಬೇಕಿತ್ತು. ಇಲ್ಲಿ ಕನ್ನಡ ಬರುವ ನಾನು ಒಬ್ಬಳು ಇದ್ದೆ. ನನ್ನನ್ನು ಯಾರೂ ಕರೆಯಲಿಲ್ಲ. ಇವತ್ತು ಬೆಳಿಗ್ಗೆ ನಾನಾದರೂ ಕೂತು ಕೇಳಲಿಲ್ಲ.” ಅವರ ಮುಖವೂ ಕೆಂಪಾಗಿತ್ತು.

ಲಕೋಟೆಯನ್ನು ಅವರು ಒಡೆಯಲಿಲ್ಲ. ಹಾಗೇ ಅಜ್ಜಿಯ ಕೈಗೆ ಕೊಟ್ಟರು. ಒಂದು ಸ್ಟೀಲ್ ಬಟ್ಟಲಲ್ಲಿ ಶುದ್ಧ ನೀರು, ಒಂದು ಬಿಳಿ ಬಟ್ಟೆ ತಂದಿಟ್ಟು, ಮಂಚದ ಸುತ್ತಲಿನ ಪರದೆ ಎಳೆದು ಹೊರಗೆ ಬಂದು ನಿಂತರು. ಊಟದ ಟ್ರೇ ತಂದ ಸಿಸ್ಟರ್‌ಗೆ ಬೆರಳೆತ್ತಿ, “ಫೈವ್ ಮಿನಿಟ್ಸ್” ಅಂದರು. ಹದಿನೈದು ನಿಮಿಷ ಆಯಿತು.

ಪರದೆ ಸರಿದಾಗ ಅಜ್ಜಿಯ ಕೊರಳಲ್ಲಿ ಕರಡಿಗೆ ಇತ್ತು. ಅಜ್ಜಿ ಮೊದಲು ನೀರು ಕುಡಿದರು. ಕುಡಿದರು, ಕುಡಿದರು, ಲೋಟ ಬರಿದಾಯಿತು. ಆಮೇಲೆ ರೊಟ್ಟಿಯ ಡಬ್ಬಿಯ ಕಡೆ ಕೈ ಚಾಚಿದರು.

ಸೆಲೆಸ್ಟಿನ್ ತಮ್ಮ ಕಾಗದ ತೆಗೆದು, ನಾಲ್ಕು ಚೌಕಗಳ ಕೆಳಗೆ ಪೆನ್ಸಿಲ್ಲಿನಿಂದ ಐದನೆಯದು ಎಳೆದರು. ಅದರ ಮುಂದೆ ಬರೆದರು: ‘ನಿಮಗೆ ಬೇಕಾದುದನ್ನು ನಾವು ತೆಗೆದಿಟ್ಟಿದ್ದೇವೆಯೇ?’

ಸಂಜೆ ಅಪ್ಪ ಬಂದರು. ವಿಷಯ ತಿಳಿದು ಅವರ ಮುಖ ಗಡುಸಾಯಿತು. “ಲಿಂಗ ತಗಸಿದ್ರಾ? ಯಾರು ತಗಸಿದ್ರು?”

“ಎಕ್ಸ್‌ರೇ ಮಷಿನ್ ಐತಲ್ಲಪ್ಪ, ಅದರ ರೂಲಂತ,” ಅಂದರು ಅಜ್ಜಿ, ರೊಟ್ಟಿ ಅಗಿಯುತ್ತಾ.

ರಾಜಿ ನೆಲದ ಟೈಲ್ಸ್ ನೋಡುತ್ತಾ ನಿಂತಳು.

ಎರಡು ದಿನ ಕಳೆದು, ಶನಿವಾರ ಬೆಳಿಗ್ಗೆ ಅಜ್ಜಿಯ ಗಾಲಿಮಂಚ ಆಪರೇಷನ್ ಥಿಯೇಟರಿನ ಬಾಗಿಲಿಗೆ ಬಂತು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ರಾಜಿ. ಹಸಿರು ಟೋಪಿಯವರೊಬ್ಬರು ಕರಡಿಗೆಯ ಕಡೆ ಬೆರಳು ತೋರಿಸಿದರು.

“ಜುವೆಲರಿ?”

ಅಪ್ಪ ಕೆಮ್ಮಿದರು. ಕಾರಿಡಾರಿನಲ್ಲಿ ಬಹಳ ಜನ ಇದ್ದರು.

“ನೋ,” ಅಂದಳು ರಾಜಿ. ದನಿ ಅವಳು ಅಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು. “ಇದು ನಮ್ಮ ಅಜ್ಜಿಯ ದೇವರು. ಇದಿಲ್ಲದೆ ಅವರು ನೀರೂ ಕುಡಿಯುವುದಿಲ್ಲ. ಮೊನ್ನೆ ಲಾಕೆಟ್ ಅಂತ ಸುಳ್ಳು ಹೇಳಿದ್ದು ನಾನು.”

ಹಸಿರು ಟೋಪಿಯವರು ಫೈಲಿನಲ್ಲಿ ಸೆಲೆಸ್ಟಿನ್ ಸಿಕ್ಕಿಸಿದ್ದ ಚೀಟಿ ಓದಿದರು. “ಮಾಫಿ ಮುಷ್ಕಿಲ್,” ಅಂದರು. ತೊಂದರೆಯಿಲ್ಲ ಅಂತ. ಕರಡಿಗೆಯನ್ನು ಅಜ್ಜಿಯೇ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಮುಷ್ಟಿ ಮುಚ್ಚಿದರು. ಹಸಿರು ಟೋಪಿಯವರು ಆ ಮುಷ್ಟಿಯ ಮೇಲೆ ಬಿಳಿ ಪಟ್ಟಿ ಸುತ್ತಿದರು.

“ನೀನಾ ಹೇಳಿದ್ದು?” ಅಪ್ಪ ರಾಜಿಯ ಕಡೆ ತಿರುಗಿದರು.

“ಮಷಿನ್ ಅಂತ ಹೇಳಿಲ್ಲೇನೋ ಗುರುಪಾದಾ ನಿನಗ? ಕಿವಿ ಕೇಳಂಗಿಲ್ಲೇನು?” ಮಲಗಿದ್ದಲ್ಲಿಂದಲೇ ಅಜ್ಜಿ ಗದರಿದರು. ಬಾಗಿಲು ಮುಚ್ಚಿತು.

ಅವತ್ತು ಸೆಲೆಸ್ಟಿನ್ ಕೇಳಿದಾಗ ‘ಸೇರವಲ್ದು’ ಅನ್ನುವ ಮೊದಲು ಅಜ್ಜಿ ಯಾಕೆ ತನ್ನ ಮುಖ ನೋಡಿದ್ದರು ಎಂದು ರಾಜಿಗೆ ಆಗ ತಿಳಿಯಿತು.

ಅಪ್ಪ ಹೋಗಿ ಬೆಂಚಿನ ಮೇಲೆ ಕೂತರು. ಆಮೇಲೆ ಪಕ್ಕದಲ್ಲಿದ್ದ ಡಬ್ಬಿಯನ್ನು ಅವಳ ಕಡೆ ಸರಿಸಿ, “ಮುಂಜಾನಿಂದ ಏನೂ ತಿಂದಿಲ್ಲ ನೀ. ತಿನ್ನು,” ಅಂದರು.

“ಬ್ಯಾಡಪ್ಪ. ಅಜ್ಜಿ ಹೊರಗ ಬರ್ಲಿ.”

ಸೆಲೆಸ್ಟಿನ್ ತಮ್ಮ ಗಾಡಿ ತಳ್ಳಿಕೊಂಡು ಆ ಕಡೆ ಬಂದರು. ತುಂಬಿದ ಡಬ್ಬಿ ನೋಡಿದರು, ರಾಜಿಯನ್ನು ನೋಡಿದರು. ಪೆನ್ಸಿಲ್ ಅವರ ಕಿವಿಯ ಮೇಲೆಯೇ ಇತ್ತು. ಏನನ್ನೂ ಬರೆಯದೆ, ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಅವಳ ಪಕ್ಕದಲ್ಲಿ ಬಂದು ಕೂತರು.