ಮುಚ್ಚಳ ತೆಗೆಯುವ ಮುಂಚೆ

ಮಂಗಳವಾರ ಮಧ್ಯಾಹ್ನ ಎರಡಕ್ಕೆ ಸರ್ಕಾರಿ ಪ್ರೌಢಶಾಲೆಯ ಮುಖ್ಯಗುರು ನೀಲಕಂಠ ಏದುಸಿರು ಬಿಡುತ್ತ ಸುರಪುರ ಠಾಣೆಗೆ ಬಂದರು. ಬಿಸಿಯೂಟದ ಸಾರಿನಲ್ಲಿ ಸತ್ತ ಹಲ್ಲಿ ಸಿಕ್ಕಿತ್ತು. ಮಕ್ಕಳು ಒಂದು ತುತ್ತೂ ಉಂಡಿರಲಿಲ್ಲ. ಆದರೆ ಪಾಲಕರು ಶಾಲೆಗೆ ನುಗ್ಗಿ, ಸಾರು ಮಾಡಿದ ಮೋನಮ್ಮನನ್ನು ಮುತ್ತಿಕೊಂಡಿದ್ದರು. ಪಿಎಸ್‌ಐ ಶಾಂಭವಿ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಖಾಜಾಹುಸೇನರೊಂದಿಗೆ ಜೀಪು ಹತ್ತಿದಳು.

ಮೋನಮ್ಮ ಜೂನ್‌ನಲ್ಲಿ ಕೆಲಸಕ್ಕೆ ಸೇರಿದವಳು, ಗಂಡನಿಲ್ಲದ ಹೆಂಗಸು.

"ಕೆಲಸಾ ಬಿಡಿಸಿದ್ರ ಮತ್ತ ಪುಣೆಕ್ಕ ಇಟ್ಟಂಗಿ ಹೊರಾಕ ಹೋಗ್ಬೇಕ್ರಿ ಮೇಡಂ," ಎಂದಳು. "ನಾ ಮುಚ್ಚೇ ಇಟ್ಟಿದ್ದೆರಿ."

ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆಯಿತು. ತಟ್ಟೆಯ ಮೇಲಿದ್ದ ಹಲ್ಲಿಯನ್ನು ಶಾಂಭವಿ ಕಡ್ಡಿಯಿಂದ ಹೊರಳಿಸಿದಳು. ಸಾರಿನಲ್ಲಿ ಬೇಳೆ ಕರಗಿ ನೀರಾಗಿತ್ತು, ಹಲ್ಲಿಯ ಬಾಲಕ್ಕೆ ಮಾತ್ರ ಏನೂ ಆಗಿರಲಿಲ್ಲ. ಸಾರು ಕುದಿದು ಕೆಳಗಿಳಿದ ಮೇಲೆ ಬಿದ್ದ ಹಲ್ಲಿ ಅದು. ಮುಚ್ಚಿಟ್ಟ ಪಾತ್ರೆಗೆ ಹಲ್ಲಿ ತಾನಾಗಿ ಬೀಳುವುದಿಲ್ಲ.

ಆ ದಿನ ಊಟದ ರುಚಿ ನೋಡುವ ಪಾಳಿ ಬಸವಲಿಂಗ ಮಾಸ್ತರರದು. ಶಾಂಭವಿ ಅವರನ್ನು ವಿಚಾರಿಸಿದಳು.

"ಮೊದಲ ನೋಡಿದವರು ಯಾರು?"

"ಮುಖ್ಯ ಅಡುಗಿಯಾಕಿ ಲಾಲಮ್ಮರಿ. ನಾ ತಾಟು ಹಿಡಕೊಂಡು ಹೊಂಟಿದ್ದೆ. ಹಲ್ಲಿ ಬಿದ್ದದ, ಉಣಬ್ಯಾಡ್ರಿ ಅಂತ ಚೀರಿದ್ಲು."

"ಮುಚ್ಚಳ ತೆಗದವರು?"

"ನಾನಾ ರೀ. ಆಕಿ ಚೀರಿದ ಮ್ಯಾಲ. ತಳಾ ಕೆದರಿದಾಗ ಸಿಕ್ತು."

ಖಾಜಾಹುಸೇನ ಬರೆಯುವುದನ್ನು ನಿಲ್ಲಿಸಿ ಶಾಂಭವಿಯ ಮುಖ ನೋಡಿದರು. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಯಾರೋ ಹೆಗಲು ಮುಟ್ಟಿ ನೋಡಿಕೊಂಡಾಗಿತ್ತು.

ಲಾಲಮ್ಮ ಒಲೆಯ ಪಕ್ಕ ಕೂತಿದ್ದಳು. ಒಂಬತ್ತು ವರ್ಷದಿಂದ ಆ ಶಾಲೆಯ ಮಕ್ಕಳಿಗೆ ಉಣಬಡಿಸಿದ ಕೈ.

"ಮುಚ್ಚಿದ ಪಾತ್ರ್ಯಾಗ, ತಳದಾಗಿದ್ದ ಹಲ್ಲಿ ನಿಮಗ ಹ್ಯಾಂಗ ಕಾಣಿಸ್ತು, ಲಾಲಮ್ಮ?"

ಲಾಲಮ್ಮ ಸೆರಗು ಎಳೆದು ಮುಖ ಮುಚ್ಚಿಕೊಂಡಳು.

"ಸುಮ್ಮನಿದ್ದಿದ್ರ ನೀವು ಸಿಗ್ತಿರಲಿಲ್ಲ. ಯಾಕ ಚೀರಿದ್ರಿ?"

"ಹುಡುಗ್ರು ತಾಟು ಹಿಡದು ಕುಂತಿದ್ದುವಲ್ರಿ," ಎಂದು ಲಾಲಮ್ಮ ಬಿಕ್ಕಿದಳು. "ಮಾಸ್ತರ ತಳಾ ನೋಡದ ಬಡಿಸಿಬಿಟ್ರ? ತಡಕೊಳ್ಳಾಕ ಆಗಲಿಲ್ಲರಿ."

ಹಲ್ಲಿಯನ್ನು ಉಗ್ರಾಣದ ಮೂಲೆಯಿಂದ ತಂದದ್ದನ್ನೂ ಒಪ್ಪಿಕೊಂಡಳು. ಮೊದಲೆಲ್ಲ ಮಕ್ಕಳು ಲಾಲವ್ವಾ, ಇನ್ನೊಂದು ಸೌಟು ಅನ್ನುತ್ತಿದ್ದರು. ಮೋನಮ್ಮ ಬಂದ ಮೇಲೆ ಸಾಲು ಅವಳ ಪಾತ್ರೆಯ ಮುಂದೆ ಬೆಳೆಯಿತು. ಅದನ್ನೂ ಲಾಲಮ್ಮ ಹೇಗೋ ನುಂಗಿಕೊಂಡಿದ್ದಳಂತೆ.

"ಐತವಾರ ಮನ್ಯಾಗ ಸ್ವಂತ ಮೊಮ್ಮಗಳು ಅಂದ್ಲುರಿ, ಆಯಿ, ಮೋನವ್ವ ಮಾಡಿದಂಗ ಸಾರು ಮಾಡು ಅಂತ."

ಶಾಂಭವಿ ತಲೆ ತಗ್ಗಿಸಿದಳು. ಜೊತೆಗೆ ತರಬೇತಿ ಪಡೆದ ಗೆಳತಿಗೆ ಹೋದ ವಾರ ಯಾದಗಿರಿಯಲ್ಲಿ ಪದಕ ಬಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳೇ. ಮನೆಗೆ ಬಂದ ಮೇಲೆ ಊಟ ಸೇರಿರಲಿಲ್ಲ.

ಐದು ಗಂಟೆಗೆ ಲಾಲಮ್ಮನನ್ನು ಬಂಧಿಸಿ ಠಾಣೆಗೆ ಕರೆತಂದರು. ಬೆಂಚಿನ ಮೇಲೆ ಕೂತವಳು ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು:

"ಹುಡುಗ್ರು ಹಸಕೊಂಡೇ ಮನಿಗಿ ಹೋದ್ವೇನ್ರಿ?"

"ಇಲ್ಲ. ಮೋನಮ್ಮ ಉಪ್ಪಿಟ್ಟು ಮಾಡಿ ಹಾಕ್ಯಾಳ."

"ಚಲೋ ಆತು ಬಿಡ್ರಿ," ಎಂದಳು ಲಾಲಮ್ಮ, ಮನಸಾರೆ. ಆಮೇಲೆ ತಡೆಯಲಾಗದೆ ಮೆಲ್ಲಗೆ ಕೇಳಿದಳು:

"ರುಚಿ ಆಗಿತ್ತಂತೇನ್ರಿ?"