ತೂಬಿನ ಕುಂಕುಮ

ಬೆಳಗಿನ ನಾಲ್ಕೂವರೆ. ಯಾರೋ ಬಾಗಿಲು ಒಡೆಯುವಂತೆ ಬಡಿದರು!

ತೆರೆದೆ. ಹಕ್ಕಿಕೆರೆ ಪಕ್ಷಿಧಾಮದ ವಾಚರ್ ಮಾಳೇಶ. ಎದೆಯವರೆಗೆ ಕೆಸರು. ಹಣೆಯಿಂದ ಕೆಂಪು ಇಳಿದಿತ್ತು.

"ಏಟು ಬಿತ್ತಾ?"

"ಅದನ್ನ ಬಿಡ್ರೀ! ಕೆರೆ ತೂಬು ಕಿತ್ತಾರೆ, ಮಧ್ಯರಾತ್ರಿಯಿಂದ ನೀರು ಹರಿತಾ ಐತೆ! ಮೊದ್ಲು ದೂರು ಬರೀರಿ. ಮೀನಿನ ಕಂಟ್ರಾಕ್ಟರ್ ರೇಣುಕಾಪ್ರಸಾದ್ ಹೆಸ್ರು ಹಾಕ್ರಿ!"

"ಕಣ್ಣಾರೆ ಕಂಡೆಯಾ?"

ಅವನು ಮೇಜಿನ ಮೇಲಿದ್ದ ಕಾಗದವನ್ನು ನನ್ನತ್ತ ತಳ್ಳಿದ.

ಕೇಳಿ, ನಾನು ಶಿಕಾರಿಪುರದಲ್ಲಿ ಪೊಲೀಸ್ ಕೆಲಸ ಬಿಟ್ಟು ಸೊರಬದಲ್ಲಿ ಪತ್ತೇದಾರಿಕೆಗೆ ಇಳಿದವನು. ನನ್ನ ಕೈಗೆ ದುರ್ಬೀನು ಕೊಟ್ಟು ಹಕ್ಕಿ ಗುರುತಿಸಲು ಕಲಿಸಿದವನು ಹಕ್ಕಿಕೆರೆ ನೀರುಗಂಟಿಯ ಮಗ, ಇದೇ ಮಾಳೇಶ. ಕಾಣದ ಹಕ್ಕಿಯ ಹೆಸರನ್ನು ಬರೆಯಬಾರದು... ಅವನ ಮೊದಲ ಪಾಠ.

ಪೊಲೀಸರಿಗೆ ಕೊಡಲು ದೂರು ಬರೆದೆ. ಅವನು ಸಹಿ ಹಾಕಿದ. ಆರೋಪಿಯ ಜಾಗವನ್ನು ಖಾಲಿ ಬಿಟ್ಟೆ.

ಅವನನ್ನೂ ಹತ್ತಿಸಿಕೊಂಡು ಜೀಪು ಗುಡವಿ ರಸ್ತೆಯಲ್ಲಿ ಹಾರಿತು.

ಕೆರೆ ಏರಿಯ ಮೇಲೆ ಅಡ್ಡ ನಿಂತಿದ್ದವನು ರೇಣುಕಾಪ್ರಸಾದ್. ಕೈಯಲ್ಲಿ ಮಚ್ಚು!

"ಕೆಳಗಿಡು!"

"ಇಡಲ್ಲ ಸಾಹೇಬ್ರೆ! ತೂಬು ತೆಗ್ದೋನ್ನ ಸೀಳಿದ್ ಮೇಲೇ ಇಡೋದು! ನನ್ ಮೀನೆಲ್ಲ ಹಳ್ಳ ಸೇರಿದ್ವು!"

"ನೀನೇ ತೆಗೆದೆ ಅಂತಾರೆ."

"ಬಲೆ ಕಟ್ಟದೆ ಯಾವ ಮುಠ್ಠಾಳ ನೀರು ಬಿಡ್ತಾನ್ರೀ?"

ಸರಿಯಾದ ಮಾತು.

ಬೆಳಕು ಹರಿಯಿತು. ಮರಗಳ ಬುಡದಲ್ಲಿ ನೀರಿರಲಿಲ್ಲ. ಗೂಡುಗಳಿಗೆ ಇದ್ದ ಕಾವಲೇ ಆ ನೀರು. ಕೆಸರು ದಾಟಿ ಬಂದ ನಾಯಿಗಳು ಮೇಲೆ ನೋಡುತ್ತಿದ್ದವು. ನೂರಾರು ಕೆಂಬರಲು ಹಕ್ಕಿಗಳು ಒಮ್ಮೆಲೇ ಎದ್ದವು...

ಮರಿಗಳನ್ನು ಬಿಟ್ಟು!

ತೂಬಿನ ಬಳಿ ಬಗ್ಗಿದೆ. ಒಡೆದ ತೆಂಗಿನಕಾಯಿ. ವೀಳ್ಯದೆಲೆ. ಹಸಿ ಕುಂಕುಮ.

ತಲೆತಲಾಂತರದಿಂದ ಕೆರೆಯ ನೀರು ಬಿಡುವವರು ನೀರುಗಂಟಿಗಳು. ಗಂಗಮ್ಮನಿಗೆ ಕಾಯಿ ಒಡೆಯದೆ ಅವರು ತೂಬು ಮುಟ್ಟುವುದಿಲ್ಲ... ಕದ್ದು ಮುಟ್ಟುವಾಗಲೂ!

ನೀರುಗಂಟಿಯ ಮಗ ಮಾಳೇಶ ನನ್ನ ಪಕ್ಕದಲ್ಲೇ ನಿಂತಿದ್ದ. ಅವನ ಹಣೆಯ ಕೆಂಪು ರಕ್ತವಾಗಿರಲಿಲ್ಲ.

"ಹಕ್ಕಿಗೆ ಅಂತ ಏರಿ ಎತ್ತರಿಸಿದಾಗ ನಮ್ಮವ್ವನ ಗದ್ದೆ ಮುಳುಗ್ತು ಸಾರ್. ಒಂದ್ ಮೊಳ ನೀರು ಇಳಿಸಿ ನಾಟಿ ಮಾಡಾನ ಅಂತ... ತೂಬಿನ ಗೂಟ ಮುರೀತು! ಮುಚ್ಚಾಕೆ ಆಗ್ಲಿಲ್ಲ!"

"ಅದಕ್ಕೆ ಇನ್ನೊಬ್ಬನ ಹೆಸರು?"

"ನನ್ ಹೆಸ್ರು ಬಂದ್ರೆ ವಾಚರ್ ಕೆಲ್ಸ ಹೋಗ್ತೈತೆ..."

"ಯಾವ ಹಕ್ಕಿ ಕಾಯೋಕೆ ಮಾಳೇಶ?"

ಆಕಾಶ ಖಾಲಿಯಾಗಿತ್ತು. ದೂರಿನ ಕಾಗದ ಬಿಡಿಸಿ ಪೆನ್ನು ತೆಗೆದೆ.

ದೂರುದಾರ: ಮಾಳೇಶ. ಆರೋಪಿ... ಮಾಳೇಶ!